ಅಲಗೇರಿಗೆ ರನ್‌ವೇ ಬರುವ ಮೊದಲು ಕತೆ ಬರಲಿ

ಗೆ,
ಫ್ಲ್ಯಾಗ್ ಆಫೀಸರ್, ನೇವಲ್ ಏವಿಯೇಷನ್,
ಭಾರತೀಯ ನೌಕಾಪಡೆ, ಗೋವಾ

ಮಾನ್ಯ ಸಾಹೇಬರೇ,

ನಿಮ್ಮ ಕಚೇರಿ ಗೋವಾದಲ್ಲಿದೆ. ನಮ್ಮ ಮನೆ ಅಂಕೋಲಾ ತಾಲೂಕಿನಲ್ಲಿದೆ. ಕಾಳಿ ಸೇತುವೆ ದಾಟಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು, ಅಷ್ಟು ಹತ್ತಿರ. ಆದರೂ ನಿಮ್ಮ ಕಚೇರಿ ಏನು ಮಾಡುತ್ತದೆ ಎಂದು ನಮ್ಮ ಕಡೆ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ "ವಿಮಾನ ಅಲ್ವಾ, ಅದು ವಾಯುಪಡೆ" ಅಂದುಬಿಡುತ್ತಾರೆ. ನೌಕಾಪಡೆಗೆ ತನ್ನದೇ ವಿಮಾನಗಳಿವೆ, ತನ್ನದೇ ಪೈಲಟ್‌ಗಳಿದ್ದಾರೆ, ಅದಕ್ಕೆ ಎಪ್ಪತ್ತು ವರ್ಷ ದಾಟಿದ ಇತಿಹಾಸವಿದೆ ಎಂಬುದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ, ಕಾರವಾರದ ನೌಕಾನೆಲೆ ಯೋಜನೆಯಾದ ಸೀಬರ್ಡ್‌ನ ಎರಡನೇ ಹಂತದಲ್ಲಿ ನಮ್ಮ ಅಲಗೇರಿಗೆ ನೌಕಾಪಡೆಯ ವಿಮಾನ ನಿಲ್ದಾಣ ಬರಲಿದೆ. ಅದರ ಜೊತೆಗೆ ಜನರ ವಿಮಾನಗಳಿಗೂ ಜಾಗ ಎಂದು ಹೇಳಿದ್ದಾರೆ. ಜಾಗದ ಅಳತೆ, ನೋಟಿಸು, ದರ, ಸಭೆ, ಇವೆಲ್ಲ ಊರಿನಲ್ಲಿ ಬಾಯಿಪಾಠವಾಗಿವೆ. ಆದರೆ ಆ ರನ್‌ವೇ ಯಾತಕ್ಕೆ, ಅದರ ಮೇಲೆ ಕೆಲಸ ಮಾಡುವವರು ಯಾರು, ಅವರ ಹಿಂದಿನ ಕತೆ ಏನು ಎಂದು ಕನ್ನಡದಲ್ಲಿ ಕೂತು ಹೇಳಿದವರಿಲ್ಲ. ಆ ಕೆಲಸ ನಿಮ್ಮದು ಎಂದು ನನ್ನ ಅಭಿಪ್ರಾಯ. ಅದನ್ನು ಕೇಳಲು ಈ ಪತ್ರ.

ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಸೈನ್ಯದವನಲ್ಲ. ಈಗಲೂ ಆಗಾಗ ಮಕ್ಕಳನ್ನು ಕರೆದುಕೊಂಡು ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗುತ್ತೇನೆ. ಅಲ್ಲಿ ಚಪಲ್ ಯುದ್ಧನೌಕೆ 2006ರಿಂದ ನಿಂತಿದೆ. ಅದರ ಹತ್ತಿರ ಈಗ ಟುಪೊಲೆವ್ 142 ವಿಮಾನವೂ ಬಂದಿದೆ. ಬಿಡಿಬಿಡಿಯಾಗಿ ಲಾರಿಗಳ ಮೇಲೆ ಬಂದು ಇಲ್ಲೇ ಜೋಡಣೆಯಾಯಿತು. ಉದ್ದ ಸುಮಾರು 53 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 50 ಮೀಟರ್. ಫಲಕದಲ್ಲಿ ಏನೇ ಬರೆದಿದ್ದರೂ ಮಕ್ಕಳ ಪ್ರಶ್ನೆಗಳು ಬೇರೆ ಇರುತ್ತವೆ. ಒಬ್ಬ ಹುಡುಗ ರೆಕ್ಕೆಯ ಕೆಳಗೆ ನಿಂತು ಕತ್ತೆತ್ತಿ ನೋಡಿ, "ಮಾಸ್ತರೇ, ಒಂದು ಎಂಜಿನ್ನಿಗೆ ಎರಡೆರಡು ಫ್ಯಾನ್ ಯಾಕೆ?" ಅಂದ.

ಒಳ್ಳೆಯ ಪ್ರಶ್ನೆ. ಆ ವಿಮಾನಕ್ಕೆ ನಾಲ್ಕು ಎಂಜಿನ್. ಪ್ರತಿ ಎಂಜಿನ್ನಿಗೆ ಒಂದರ ಹಿಂದೆ ಒಂದು ಎರಡು ಪ್ರೊಪೆಲರ್, ಒಂದೊಂದಕ್ಕೆ ನಾಲ್ಕು ಅಲಗು. ಮುಂದಿನದು ಒಂದು ದಿಕ್ಕಿಗೆ ತಿರುಗಿದರೆ ಹಿಂದಿನದು ಉಲ್ಟಾ ತಿರುಗುತ್ತದೆ. ಅಷ್ಟು ಬಲದ ಎಂಜಿನ್ನಿಗೆ ಒಂದೇ ಪ್ರೊಪೆಲರ್ ಸಾಲುವುದಿಲ್ಲ, ಸಾಲುವಂತೆ ಮಾಡಿದರೆ ಅದು ವಿಪರೀತ ದೊಡ್ಡದಾಗುತ್ತದೆ. ಮುಂದಿನದು ತಿರುಚಿ ಬಿಟ್ಟ ಗಾಳಿಯನ್ನು ಹಿಂದಿನದು ನೆಟ್ಟಗೆ ಮಾಡಿ ಅದರಿಂದಲೂ ಕೆಲಸ ತೆಗೆಯುತ್ತದೆ. ಇಷ್ಟು ನಾನು ಹೇಳಬಲ್ಲೆ. ಅವನ ಮುಂದಿನ ಪ್ರಶ್ನೆ, "ಇದರೊಳಗೆ ಕೂತವರು ಏನು ಮಾಡುತ್ತಿದ್ದರು?" ಅದಕ್ಕೆ ಉತ್ತರ ನಿಮ್ಮ ಕಡೆಯವರ ಬಾಯಿಂದಲೇ ಬರಬೇಕು. ನಾನು ಓದಿ ತಿಳಿದದ್ದನ್ನು ಹೇಳಿದೆ. ಕಡಲಿಗೆ ತೇಲುವ ಬೋಯಾಗಳನ್ನು ಬೀಳಿಸುತ್ತಾರೆ, ಅವು ನೀರೊಳಗಿನ ಸದ್ದು ಕೇಳಿ ಮೇಲಕ್ಕೆ ಕಳಿಸುತ್ತವೆ. ಒಳಗೆ ಕಿವಿಗೆ ಹೆಡ್‌ಫೋನ್ ಹಾಕಿ ಕೂತವರು ಅದು ಮೀನಿನ ಗುಂಪೋ, ಹಡಗೋ, ಜಲಾಂತರ್ಗಾಮಿಯೋ ಎಂದು ಬಿಡಿಸುತ್ತಾರೆ. ತಾಸುಗಟ್ಟಲೆ ಅದೇ ಕೆಲಸ. ಮೀನುಗಾರರ ಮಕ್ಕಳಿಗೆ ಬೋಯಾ ಹೊಸದಲ್ಲ. ಅದು ಕೇಳಿಸಿಕೊಳ್ಳುತ್ತದೆ ಎಂದಾಗ ಎಲ್ಲರ ಕಣ್ಣೂ ಅರಳಿತು.

ಆ ವಿಮಾನ 1988ರಲ್ಲಿ ನಮ್ಮ ನೌಕಾಪಡೆಗೆ ಬಂತು. ಒಟ್ಟು ಎಂಟು. ಮೊದಲು ನಿಮ್ಮ ಗೋವಾದ ನೌಕಾ ವಿಮಾನ ನೆಲೆ ಐಎನ್‌ಎಸ್ ಹಂಸದಲ್ಲೇ ಇದ್ದವು. 1992ರಲ್ಲಿ ತಮಿಳುನಾಡಿನ ಅರಕ್ಕೋಣಂಗೆ ಹೋದವು, 2017ರ ಮಾರ್ಚ್ 29ರಂದು ನಿವೃತ್ತಿಯಾದವು. ಅಂದರೆ ಈಗ ನಮ್ಮ ಕಡಲ ದಂಡೆಯಲ್ಲಿ ನಿಂತಿರುವುದು ಸುಮ್ನೆ ತಂದಿಟ್ಟ ಹಳೇ ವಿಮಾನವಲ್ಲ. ಹುಟ್ಟಿದ್ದು ರಷ್ಯಾದಲ್ಲಾದರೂ ಭಾರತದ ಕೆಲಸವನ್ನು ಅದು ಶುರುಮಾಡಿದ್ದು ನಮ್ಮ ಪಕ್ಕದಲ್ಲೇ. ಇದನ್ನು ಹೇಳಿದರೆ ನೋಡುವವರ ನೋಟವೇ ಬದಲಾಗುತ್ತದೆ.

ಆ ವಿಮಾನಗಳನ್ನು ಹಾರಿಸಿದ ಸ್ಕ್ವಾಡ್ರನ್ನಿನ, ಅಂದರೆ ವಿಮಾನ ದಳದ, ಹಿಂದಿನ ಕತೆ ಇನ್ನೂ ಚೆನ್ನಾಗಿದೆ. 1976ರವರೆಗೆ ದೂರದ ಕಡಲನ್ನು ವಿಮಾನದಿಂದ ಕಾಯುವ ಕೆಲಸ ವಾಯುಪಡೆಯದಾಗಿತ್ತು. ಆ ವರ್ಷ ಅದು ನೌಕಾಪಡೆಯ ಕೈಗೆ ಬಂತು. ಕೆಲಸದ ಜೊತೆಗೆ ಬಂದದ್ದು ಸೂಪರ್ ಕಾನ್ಸ್ಟಲೇಷನ್ ವಿಮಾನಗಳು. ಅವು ಮೂಲದಲ್ಲಿ ಏರ್ ಇಂಡಿಯಾದವು. ಒಂದು ಕಾಲಕ್ಕೆ ಕೋಟು ಟೈ ಹಾಕಿದ ಪ್ರಯಾಣಿಕರನ್ನು ವಿದೇಶಕ್ಕೆ ಕರೆದೊಯ್ದವು. ಆಮೇಲೆ ವಾಯುಪಡೆ ಸೇರಿ, ಕೊನೆಗೆ ಗೋವಾದಿಂದ ಹಾರುತ್ತಾ ಅರಬ್ಬಿ ಸಮುದ್ರ ಕಾದವು. ಆ ಕಾನ್ಸ್ಟಲೇಷನ್‌ಗಳನ್ನು ಹಾರಿಸಿದ 312ನೇ ಸ್ಕ್ವಾಡ್ರನ್ನೇ ಮುಂದೆ ಟುಪೊಲೆವ್ ಹಾರಿಸಿತು, ಈಗ ಬೋಯಿಂಗ್ ಪಿ-8ಐ ಹಾರಿಸುತ್ತಿದೆ. ಒಂದು ಮನೆತನದ ಕತೆಯ ಹಾಗೆ ಹೇಳಬಹುದಾದ ಇತಿಹಾಸ ಇದು. ನಾವು ಅದನ್ನು ಎಂಜಿನ್, ಉದ್ದ, ತೂಕ ಎಂದು ಪಟ್ಟಿ ಮಾಡಿ ಮುಗಿಸುತ್ತೇವೆ.

ಶುರುವಾದದ್ದು ಎಷ್ಟು ಸಣ್ಣದಾಗಿ ಎಂಬುದನ್ನೂ ಹೇಳಬೇಕು. 1953ರ ಮೇ 11ರಂದು ಕೊಚ್ಚಿಯಲ್ಲಿ ಐಎನ್‌ಎಸ್ ಗರುಡ ಎಂಬ ನೌಕಾ ವಿಮಾನ ನೆಲೆ ಶುರುವಾಯಿತು. ಆಗ ಇದ್ದದ್ದು ಸೀಲ್ಯಾಂಡ್ ಎಂಬ ಪುಟ್ಟ ವಿಮಾನಗಳು, ನೀರಿನ ಮೇಲೂ ಇಳಿಯುತ್ತಿದ್ದವು. ಅವುಗಳ ಕೆಲಸ ಯುದ್ಧವಲ್ಲ. ಹಡಗಿನ ಗನ್ನರ್‌ಗಳಿಗೆ ಗುರಿ ಹೊಡೆಯಲು ಅಭ್ಯಾಸ ಬೇಕಲ್ಲ, ಅದಕ್ಕೆ ನೆರವಾಗುವುದು. ಹಿಂದೆ ಹಗ್ಗ ಕಟ್ಟಿ ಗುರಿಯನ್ನು ಎಳೆದುಕೊಂಡು ಹಾರುವ ವಿಮಾನಗಳೂ ಆಮೇಲೆ ಬಂದವು. ಕೆಳಗಿನವರು ತನ್ನ ಹಿಂದೆಯೇ ಗುಂಡು ಹಾರಿಸುತ್ತಿರುವಾಗ ನೆಟ್ಟಗೆ ಹಾರುವುದಕ್ಕೆ ಎಂಥ ಗುಂಡಿಗೆ ಬೇಕೋ!

ಅಲ್ಲಿಂದ ಎಂಟೇ ವರ್ಷಕ್ಕೆ ವಿಮಾನವಾಹಕ ಹಡಗು ವಿಕ್ರಾಂತ ಬಂತು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಕಟ್ಟಲು ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದ ಹಡಗನ್ನು 1957ರಲ್ಲಿ ಭಾರತ ಕೊಂಡಿತು. ಬೆಲ್‌ಫಾಸ್ಟಿನಲ್ಲಿ ಕೆಲಸ ಮುಗಿದು 1961ರ ಮಾರ್ಚ್ 4ರಂದು ಸೇವೆಗೆ ಸೇರಿತು. ಮೇ 18ರಂದು ಅದರ ಡೆಕ್ ಮೇಲೆ ಮೊದಲ ಬಾರಿ ವಿಮಾನ ಇಳಿಸಿದ ಭಾರತೀಯ ಆರ್. ಎಚ್. ತಹಿಲಿಯಾನಿ. ಆಗ ಲೆಫ್ಟಿನೆಂಟ್, ಮುಂದೆ ನೌಕಾಪಡೆಯ ಮುಖ್ಯಸ್ಥರಾದರು. ಹಡಗು ನವೆಂಬರಿನಲ್ಲಿ ಮುಂಬಯಿ ಸೇರಿತು. ಮುಂದಿನ ತಿಂಗಳೇ ಗೋವಾ ವಿಮೋಚನೆ.

ಇಲ್ಲಿ ನಮ್ಮೂರಿನ ಕತೆ ಬಂದು ಸೇರುತ್ತದೆ. ಕಾರವಾರದ ಎದುರಿಗೆ ಕಾಣುವ ಅಂಜುದೀವ್ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್‌ನ ನಾವಿಕರು ಅಲ್ಲಿ ಇಳಿದರು. ಏಳು ಜನ ಜೀವ ಕೊಟ್ಟರು. ಗೋವಾ ಬಿಡುಗಡೆಯಾಯಿತು, ಪೋರ್ಚುಗೀಸರು ಕಟ್ಟಿದ ದಾಬೋಲಿಂ ವಿಮಾನ ನಿಲ್ದಾಣ ನೌಕಾಪಡೆಗೆ ಸಿಕ್ಕಿತು. ಅಲ್ಲಿಯವರೆಗೆ ಕೊಯಮತ್ತೂರಿನ ಸೂಲೂರಿನಲ್ಲಿದ್ದ ಐಎನ್‌ಎಸ್ ಹಂಸ 1964ರಲ್ಲಿ ದಾಬೋಲಿಂಗೆ ಬಂತು. ನಿಮ್ಮ ಕಚೇರಿ ಇವತ್ತು ಗೋವಾದಲ್ಲಿ ಇರುವುದಕ್ಕೆ ಆ ಡಿಸೆಂಬರೇ ಕಾರಣ. ಆ ಡಿಸೆಂಬರಿನ ಲೆಕ್ಕದಲ್ಲಿ ಕಾರವಾರದ ಎದುರಿನ ಒಂದು ದ್ವೀಪವೂ ಸೇರಿದೆ.

1971ರ ಕತೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಮಾತ್ರ. ವಿಕ್ರಾಂತದ ಸೀ ಹಾಕ್ ವಿಮಾನಗಳು ಡಿಸೆಂಬರ್ 4ರಂದು ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು, ಚಿತ್ತಗಾಂಗ್ ಬಂದರನ್ನು ಬಡಿದವು, ಪೂರ್ವ ಪಾಕಿಸ್ತಾನಕ್ಕೆ ಸಮುದ್ರದ ದಾರಿ ಮುಚ್ಚಿಹೋಯಿತು. ಇದು ಪಾಠದಲ್ಲಿ ಬರುವ ಅರ್ಧ. ಇನ್ನರ್ಧ ಏನೆಂದರೆ, ಯುದ್ಧಕ್ಕೆ ಹೊರಡುವಾಗ ಆ ಹಡಗಿನ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಪೂರ್ತಿ ವೇಗ ಸಿಗುತ್ತಿರಲಿಲ್ಲ.

ಅದರಿಂದೇನು ಎಂದು ಕೇಳಬಹುದು. ವಿಮಾನವಾಹಕ ಹಡಗಿಗೆ ವೇಗ ಅಂದರೆ ಜೀವ. ಡೆಕ್ ಚಿಕ್ಕದು, ವಿಮಾನ ಏಳಬೇಕಾದರೆ ಎದುರಿನಿಂದ ಗಾಳಿ ಜೋರಾಗಿ ಬೀಸಬೇಕು. ಅದಕ್ಕೇ ಹಡಗು ಗಾಳಿಗೆ ಮುಖ ಮಾಡಿ ಓಡುತ್ತದೆ. ಹಡಗು ನಿಧಾನವಾದರೆ ಡೆಕ್ ಮೇಲಿನ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ವಿಮಾನ ಎತ್ತುವ ಭಾರ ಕಡಿಮೆ. ಒಂದು ಬಾಯ್ಲರ್ ಬಿಟ್ಟು ಉಳಿದದ್ದರಲ್ಲಿ ಹಡಗನ್ನು ನಡೆಸಿ, ಹಗಲು ರಾತ್ರಿ ವಿಮಾನ ಏಳಿಸಿದವರು ಎಂಜಿನ್ ಕೋಣೆಯ ಜನ. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೆ, ಸೀ ಹಾಕ್ ಸ್ಕ್ವಾಡ್ರನ್ನಿನ ಸಂತೋಷ್ ಕುಮಾರ್ ಗುಪ್ತಾ ಅವರಿಗೆ ಮಹಾವೀರ ಚಕ್ರ ಬಂತು. ನ್ಯಾಯವಾಗಿಯೇ ಬಂತು. ಆದರೆ ನಮ್ಮ ಐಟಿಐ ಹುಡುಗರಿಗೆ ನಾನು ಹೇಳಬೇಕೆಂದಿರುವುದು ಬಾಯ್ಲರ್ ಕತೆಯನ್ನು. ವಿಮಾನ ಅಂದರೆ ಪೈಲಟ್ ಮಾತ್ರ ಅಂದುಕೊಂಡು, "ನಮಗಲ್ಲ ಬಿಡಿ" ಎಂದು ಅವರು ಪಕ್ಕಕ್ಕೆ ಸರಿಯುತ್ತಾರೆ.

ಡೆಕ್ ಮೇಲೆ ಇಳಿಯುವ ಬಗೆಯನ್ನು ಒಮ್ಮೆ ಯಾರಾದರೂ ಮಕ್ಕಳ ಮುಂದೆ ನಿಂತು ವಿವರಿಸಲಿ, ಆಗ ಗೊತ್ತಾಗುತ್ತದೆ ಎಷ್ಟು ಕೈ ಬೇಕು ಅಂತ. ವಿಮಾನದ ಬಾಲದಲ್ಲಿ ಒಂದು ಕೊಕ್ಕೆ. ಡೆಕ್ ಮೇಲೆ ಅಡ್ಡಕ್ಕೆ ಉಕ್ಕಿನ ತಂತಿಗಳು. ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದಲ್ಲಿ ಬಂದ ಮಿಗ್ ಯುದ್ಧವಿಮಾನ ಆ ತಂತಿಗೆ ಸಿಕ್ಕಿಕೊಂಡು ಎರಡೂವರೆ ಸೆಕೆಂಡಿನ ಆಸುಪಾಸು ನಿಂತುಬಿಡುತ್ತದೆ. ತಮಾಷೆ ಏನೆಂದರೆ, ಚಕ್ರ ಡೆಕ್ಕಿಗೆ ತಾಗಿದ ಕೂಡಲೇ ಪೈಲಟ್ ಎಂಜಿನ್ ಆರಿಸುವುದಿಲ್ಲ, ಪೂರ್ತಿ ಜೋರು ಮಾಡುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಿಬಿಡಲು. ತಂತಿ ಸರಿಯಿದೆಯೇ, ಬಿಗಿ ಸರಿಯಿದೆಯೇ, ಕೊಕ್ಕೆ ಸವೆದಿದೆಯೇ ಎಂದು ನೋಡಿದವನ ಕೈಯಲ್ಲಿ ಪೈಲಟ್‌ನ ಜೀವ ಇರುತ್ತದೆ. ಆ ಕೈ ಅಂಕೋಲೆಯದ್ದೋ ಕುಮಟೆಯದ್ದೋ ಯಾಕಾಗಬಾರದು?

ನಿಮ್ಮ ಕಚೇರಿಯ ಕೆಲಸವೂ ನಾನು ತಿಳಿದ ಮಟ್ಟಿಗೆ ಈ ಜಾತಿಯದ್ದೇ. ಯಾವ ವಿಮಾನ ಇವತ್ತು ಎಲ್ಲಿಗೆ ಹೋಗಬೇಕು ಎಂದು ಹೇಳುವವರು ಮುಂಬಯಿ, ವಿಶಾಖಪಟ್ಟಣ, ಕೊಚ್ಚಿಯ ಕಮಾಂಡ್‌ಗಳವರು. ದೆಹಲಿಯಲ್ಲಿ ನೀತಿ, ಖರೀದಿ. ಆದರೆ ಎಲ್ಲ ಸ್ಕ್ವಾಡ್ರನ್‌ಗಳಿಗೂ ಹಾರಾಟದ ಮಟ್ಟ ಏನಿರಬೇಕು, ಸುರಕ್ಷತೆ ಹೇಗೆ, ಜನ ತಯಾರಾಗಿದ್ದಾರೆಯೇ ಎಂದು ಕಣ್ಣಿಡುವುದು ಗೋವಾದ ನೀವು. ಸದ್ದಿಲ್ಲದ ಕೆಲಸ. ಕೆಟ್ಟರೆ ಮಾತ್ರ ಸುದ್ದಿಯಾಗುವಂಥದ್ದು. 2002ರ ಅಕ್ಟೋಬರ್ 1ರಂದು ಹಾಗೆ ಸುದ್ದಿಯಾಯಿತು. ಇಲ್ಯೂಷಿನ್ 38 ಸ್ಕ್ವಾಡ್ರನ್ನಿನ ಬೆಳ್ಳಿಹಬ್ಬಕ್ಕೆ ಜೊತೆಯಾಗಿ ಹಾರುತ್ತಿದ್ದ ಎರಡು ವಿಮಾನ ದಾಬೋಲಿಂ ಹತ್ತಿರ ಡಿಕ್ಕಿಯಾಗಿ ಅವುಗಳಲ್ಲಿದ್ದ 12 ಮಂದಿಯೂ ಹೋದರು. ನಮ್ಮ ಕಡೆಗೂ ಆ ಸುದ್ದಿ ಅದೇ ದಿನ ಮುಟ್ಟಿತ್ತು. ಇತಿಹಾಸ ಹೇಳುವಾಗ ಇದನ್ನೂ ಹೇಳಿ. ಬರೀ ಗೆದ್ದ ಕತೆ ಹೇಳಿದರೆ ಹಳ್ಳಿಯವರು ನಂಬುವುದಿಲ್ಲ ಸಾಹೇಬರೇ.

ಇನ್ನು ನಮ್ಮವರ ಮಾತಿಗೆ ಬರುತ್ತೇನೆ. ಸೀಬರ್ಡ್ ಶಂಕುಸ್ಥಾಪನೆ ಆದದ್ದು 1986ರ ಅಕ್ಟೋಬರ್ 24, ರಾಜೀವ್ ಗಾಂಧಿಯವರಿಂದ. ಅಲ್ಲಿನ ನೌಕಾನೆಲೆ ಐಎನ್‌ಎಸ್ ಕದಂಬ ಶುರುವಾದದ್ದು 2005ರ ಮೇ 31ರಂದು. ನಡುವೆ ಅರ್ಗಾ, ಬಿಣಗಾ, ಚೆಂಡಿಯಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಪರಿಹಾರದ ಕೇಸುಗಳು ದಶಕಗಟ್ಟಲೆ ಕೋರ್ಟಿನಲ್ಲಿ ನಡೆದವು. ಸೀಬರ್ಡ್ ನಿರಾಶ್ರಿತರು ಎಂಬ ಹೆಸರೇ ಒಂದು ಜಾತಿಯ ಹಾಗೆ ನಮ್ಮ ಜಿಲ್ಲೆಯಲ್ಲಿ ಉಳಿಯಿತು. ಭಟ್ಕಳ ಕಡೆಯವರಿಗೆ ನೌಕಾಪಡೆ ಎಂದರೆ ನೇತ್ರಾಣಿ ದ್ವೀಪದ ಮೇಲೆ ಗುರಿ ಅಭ್ಯಾಸದ ಸದ್ದು. ಇದರಲ್ಲಿ ನಿಮ್ಮ ಕಚೇರಿಯ ತಪ್ಪು ಎಷ್ಟು ಎಂದು ಹುಡುಕುತ್ತಾ ಕೂರುವುದಿಲ್ಲ. ಆದರೆ ಅಲಗೇರಿಗೆ ನೀವು ಬರುವಾಗ ಈ ನೆನಪುಗಳೆಲ್ಲ ಅಲ್ಲಿ ಮೊದಲೇ ಬಂದು ಕೂತಿರುತ್ತವೆ.

ಜನರಿಗೆ ಅರ್ಥವಾಗುವ ಪ್ರಶ್ನೆಗಳು ಸಣ್ಣವು. ವಿಮಾನವಾಹಕ ಹಡಗು ವಿಕ್ರಮಾದಿತ್ಯ 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದಾಗಿನಿಂದ ಇಲ್ಲಿನವರು ಕೇಳುತ್ತಲೇ ಇದ್ದಾರೆ: ವಿಮಾನದ ಹಡಗು ಅಂತೀರಿ, ಅದು ಬಂದರಿನಲ್ಲಿ ನಿಂತಾಗ ಅದರ ವಿಮಾನ ಎಲ್ಲಿ? ಉತ್ತರ ಸುಲಭ. ನಿಂತ ಹಡಗಿನಿಂದ ಮಿಗ್ ಏಳುವುದಿಲ್ಲ, ಅದಕ್ಕೆ ಓಟ ಬೇಕು. ಹಾಗಾಗಿ ಹಡಗು ಬಂದರು ಸೇರುವ ಮೊದಲೇ ವಿಮಾನಗಳು ಹಾರಿ ಗೋವಾಕ್ಕೆ ಹೋಗಿರುತ್ತವೆ. ಇದನ್ನು ಒಂದು ಸಲ ಹೇಳಿದ್ದರೆ, ಅರ್ಗಾದಲ್ಲಿ ಹಡಗು ಇದ್ದ ಮೇಲೆ ಹತ್ತಿರದಲ್ಲೊಂದು ರನ್‌ವೇ ಯಾಕೆ ಕೇಳುತ್ತಾರೆ ಎಂಬುದೂ ಜನರಿಗೆ ತಾನಾಗಿ ಹೊಳೆಯುತ್ತಿತ್ತು. ಒಪ್ಪುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ಜನರ ವಿಮಾನದ ಬಗ್ಗೆಯೂ ಒಂದು ಮಾತು. ದಾಬೋಲಿಂನಲ್ಲಿ ರನ್‌ವೇ ನಿಮ್ಮದು, ಜನರ ವಿಮಾನ ನಿಮ್ಮ ಅಂಗಳದಲ್ಲಿ ಇಳಿಯುತ್ತದೆ. ಬೆಳಗಿನ ಹೊತ್ತು ನಿಮ್ಮ ತರಬೇತಿಗೆ ಮೀಸಲು, ಆಗ ಬೇರೆಯವರು ಕಾಯಬೇಕು ಎಂಬ ಕಟ್ಟು ವರ್ಷಾನುಗಟ್ಟಲೆ ಇತ್ತು. ಗೋವಾದವರು ಅದರ ಬಗ್ಗೆ ಗೊಣಗಿದ್ದೂ ಉಂಟು. ಅಲಗೇರಿಯಲ್ಲಿ ಹೊತ್ತು ಹೇಗೆ ಹಂಚುತ್ತೀರಿ? ರಾತ್ರಿ ಹಾರಾಟ ಇರುತ್ತದೆಯೇ? ಬೇಲೆಕೇರಿಯ ದೋಣಿಗಳಿಗೆ ಯಾವಾಗ ಯಾವ ಕಡೆ ಹೋಗಬೇಡಿ ಎನ್ನುತ್ತೀರಿ, ಎಷ್ಟು ದಿನ ಮೊದಲು ಹೇಳುತ್ತೀರಿ? ಗುಟ್ಟಿನ ವಿಷಯ ನಮಗೆ ಬೇಡ. ಎಷ್ಟು ವಿಮಾನ, ಎಂಥ ಆಯುಧ ಎಂದು ಯಾರೂ ಕೇಳುತ್ತಿಲ್ಲ. ಎಮ್ಮೆ ಹಾಲು ಕರೆಯುವ ಹೊತ್ತಿಗೆ ತಲೆಯ ಮೇಲೆ ಜೆಟ್ ಹೋಗುತ್ತದೆಯೇ ಎಂಬಷ್ಟನ್ನು ಹೇಳಬಹುದಲ್ಲ.

ನಮ್ಮ ರಾಜ್ಯಕ್ಕೂ ನಿಮ್ಮ ವಿಭಾಗಕ್ಕೂ ನಂಟು ಹಳೆಯದು. ನಿಮ್ಮ ಚೇತಕ್ ಹೆಲಿಕಾಪ್ಟರ್, ಧ್ರುವ ಹೆಲಿಕಾಪ್ಟರ್ ತಯಾರಾದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ತೇಜಸ್‌ನ ನೌಕಾಪಡೆ ಮಾದರಿಯೂ ಬೆಂಗಳೂರಿನದೇ. 2020ರ ಜನವರಿ 11ರಂದು ಅದು ವಿಕ್ರಮಾದಿತ್ಯದ ಡೆಕ್ ಮೇಲೆ ತಂತಿ ಹಿಡಿದು ಇಳಿಯಿತು. ಬೆಂಗಳೂರಿನ ವಿಮಾನ, ಕಾರವಾರದ ಹಡಗು! ನಮ್ಮ ಜಿಲ್ಲೆಯಲ್ಲಿ ಆ ದಿನ ಪಟಾಕಿ ಹೊಡೆಯಬೇಕಿತ್ತು. ಎಷ್ಟು ಜನರಿಗೆ ಗೊತ್ತಾಯಿತೋ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ ಸೇವೆಗೆ ಬಂದ ಮೇಲೆ, 2023ರ ಫೆಬ್ರುವರಿಯಲ್ಲಿ ತೇಜಸ್ ಅದರ ಮೇಲೂ ಇಳಿಯಿತು. ಈಗ 26 ರಫೇಲ್ ಮರೀನ್ ವಿಮಾನಗಳಿಗೆ 2025ರ ಏಪ್ರಿಲ್‌ನಲ್ಲಿ ಒಪ್ಪಂದವೂ ಆಗಿದೆ. ಅಂದರೆ ರಿಪೇರಿ ಗೊತ್ತಿರುವ ಕೈಗಳು ಇನ್ನೂ ಜಾಸ್ತಿ ಬೇಕು.

ಹೆಣ್ಣುಮಕ್ಕಳ ವಿಷಯವನ್ನು ಮರೆಯಬೇಡಿ. 2019ರ ಡಿಸೆಂಬರ್ 2ರಂದು ಸಬ್ ಲೆಫ್ಟಿನೆಂಟ್ ಶಿವಾಂಗಿ ಕೊಚ್ಚಿಯಲ್ಲಿ ನೌಕಾಪಡೆಯ ಮೊದಲ ಮಹಿಳಾ ಪೈಲಟ್ ಆದರು. ಬಿಹಾರದ ಮುಜಫ್ಫರ್‌ಪುರದವರು, ಸಮುದ್ರವೇ ಇಲ್ಲದ ಊರು. ನಮ್ಮ ಹುಡುಗಿಯರು ಹುಟ್ಟಿದ್ದೇ ಸಮುದ್ರದ ಸದ್ದು ಕೇಳುತ್ತಾ. ಅವರಿಗೆ ಈ ದಾರಿ ಇದೆ ಎಂದು ಹೇಳುವವರು ಮಾತ್ರ ಬೇಕು. 2018ರ ಕೇರಳ ಪ್ರವಾಹದಲ್ಲಿ ನೌಕಾಪಡೆಯ ಹೆಲಿಕಾಪ್ಟರ್ ತುಂಬು ಗರ್ಭಿಣಿಯೊಬ್ಬರನ್ನು ಮೇಲೆತ್ತಿಕೊಂಡು ಹೋಯಿತು. ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ನೌಕಾಪಡೆಯವರು ಜನರನ್ನು ಕಾಪಾಡಿದ ಒಂದು ಮನೆಯ ತಾರಸಿಯ ಮೇಲೆ ಆಮೇಲೆ ದೊಡ್ಡ ಅಕ್ಷರದಲ್ಲಿ ಥ್ಯಾಂಕ್ಸ್ ಎಂದು ಬಣ್ಣದಲ್ಲಿ ಬರೆದಿದ್ದರು. ನಮ್ಮ ಗಂಗಾವಳಿ ನದಿಯೂ ಮಳೆಗಾಲದಲ್ಲಿ ಏನು ಮಾಡುತ್ತಾಳೆ ಎಂದು ನಾವು ಕಂಡವರೇ. ನೌಕಾಪಡೆಯ ಹೆಲಿಕಾಪ್ಟರ್ ಪಕ್ಕದಲ್ಲಿದ್ದರೆ ಏನು ಉಪಯೋಗ ಎಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ಟುಪೊಲೆವ್ ಹಾರಿಸಿದ, ಅದರೊಳಗೆ ಕೂತು ಕಡಲು ಕೇಳಿದ, ಅದರ ಎಂಜಿನ್ ರಿಪೇರಿ ಮಾಡಿದ ನಿವೃತ್ತರು ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರನ್ನು ಕಾರವಾರಕ್ಕೆ ಕಳಿಸಿ. ಕನ್ನಡ ಬಂದರೆ ಸರಿ, ಬಾರದಿದ್ದರೆ ನಾವು ಮಾಸ್ತರುಗಳು ಕೂತು ಕನ್ನಡಕ್ಕೆ ತರುತ್ತೇವೆ, ಕೊಂಕಣಿಯಲ್ಲೂ ಹೇಳುತ್ತೇವೆ. ಅವರ ಮಾತನ್ನು ರೆಕಾರ್ಡ್ ಮಾಡಿ ವಿಮಾನದ ಪಕ್ಕದಲ್ಲಿ ಕೇಳುವಂತೆ ಮಾಡಿ. ಅಲಗೇರಿ, ಬೇಲೆಕೇರಿ, ಭಾವಿಕೇರಿ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಹಂಸಕ್ಕೆ ಕರೆದುಕೊಂಡು ಹೋಗಿ, ಹ್ಯಾಂಗರ್ ತೋರಿಸಿ. ನಾವಿಕರ ಭರ್ತಿಯ ಮಾಹಿತಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಐಟಿಐ, ಪಿಯು ಕಾಲೇಜುಗಳಿಗೆ ಕೊಡಿ. ಯಾವ ವಯಸ್ಸು, ಯಾವ ಓದು, ಪರೀಕ್ಷೆ ಹೇಗೆ, ಕಣ್ಣಿನ ಅಳತೆ ಏನು, ಇಷ್ಟಿದ್ದರೆ ಸಾಕು. ಅಲಗೇರಿಯ ಸಭೆಗೆ ನಿಮ್ಮ ಕಡೆಯಿಂದ ಒಬ್ಬರು ಬಂದು, ಜನ ಸಿಟ್ಟಿನಲ್ಲಿ ಮಾತಾಡಿದರೂ ಎದ್ದು ಹೋಗದೆ ಕೇಳಿಸಿಕೊಳ್ಳಲಿ.

ಡಿಸೆಂಬರ್ 4 ನೌಕಾ ದಿನ. ಅಂಕೋಲೆಯಲ್ಲಿ ಶಾಲೆಯ ಹಾಲ್, ಮೈಕು, ಕುರ್ಚಿ, ಚಹಾ ನಮ್ಮ ಜವಾಬ್ದಾರಿ. ಮಾತಾಡುವವರನ್ನು ನೀವು ಕಳಿಸಿ. ಬಾಯ್ಲರ್ ಕತೆ ಗೊತ್ತಿರುವವರಾದರೆ ಬಹಳ ಒಳ್ಳೆಯದು.

ಇಂತಿ ನಮಸ್ಕಾರಗಳೊಂದಿಗೆ,
ಅಂಕೋಲಾ ತಾಲೂಕಿನ ಒಬ್ಬ ನಿವೃತ್ತ ಮಾಸ್ತರ